ಬೂಷ್ಟು ಹಿಡಿದ ಮದುವೆ

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿ.ಮೀ. ಬಂದರೆ ಮಂಡಗದ್ದೆ. ಊರಿಗಿಂತ ಅಲ್ಲಿನ ಹಕ್ಕಿಗಳು ಹೆಚ್ಚು ಪ್ರಸಿದ್ಧ. ತುಂಗೆಯ ನಡುವೆ ಒಂದೂಕಾಲು ಎಕರೆಯೂ ಇಲ್ಲದ ನಡುಗಡ್ಡೆ. ಮಳೆಗಾಲ ಬಂತೆಂದರೆ ಅದರ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ಬುಡದಲ್ಲಿ ಕೆಂಪು ನೀರು ಭೋರಿಡುತ್ತಿದ್ದರೂ ಮೇಲೆ ಬಿಳಿ ಹಕ್ಕಿಗಳು ಏನೂ ಆಗಿಲ್ಲವೆಂಬಂತೆ ಕೂತಿರುತ್ತವೆ. ಈ ನೋಟವನ್ನು ನೆನಪಿಟ್ಟುಕೊಳ್ಳಿ. ನಿಂತ ಹಕ್ಕಿ, ಓಡುವ ನೀರು: ವಿಡಿಯೊ ವಿಜ್ಞಾನದ ಅರ್ಧಪಾಲು ಇಷ್ಟರಲ್ಲೇ ಇದೆ.

ನಾನು ಅಲ್ಲಿಗೆ ಹೋಗಿದ್ದು ಹಕ್ಕಿ ನೋಡಲಿಕ್ಕಲ್ಲ, ದೊಡ್ಡಮ್ಮನ ಮನೆಯ ಅಟ್ಟದ ಮೇಲಿದ್ದ ಒಂದು ತಗಡಿನ ಟ್ರಂಕಿಗಾಗಿ. ಅದರಲ್ಲಿ ಏಳು ವಿಎಚ್‌ಎಸ್ ಕ್ಯಾಸೆಟ್ಟು, ಎರಡು ಪುಟಾಣಿ ಮಿನಿಡಿವಿ ಕ್ಯಾಸೆಟ್ಟು, ರಬ್ಬರ್‌ಬ್ಯಾಂಡ್ ಹಾಕಿದ ಒಂದು ಕಟ್ಟು ವಿಸಿಡಿ. ‘ಮದುವೆ, ಭಾಗ 2’ ಎಂದು ಬರೆದದ್ದು ಸಿಕ್ಕಿತು, ಭಾಗ 1 ಇಲ್ಲ. ‘ಉಪನಯನ’ ಎಂಬ ಚೀಟಿಯ ಮೇಲೆ ಗೀಟು ಹಾಕಿ ‘ರಾಮಾಯಣ’ ಎಂದು ಬರೆದಿತ್ತು. ದೂರದರ್ಶನದಲ್ಲಿ ಭಾನುವಾರ ಬೆಳಗಿನ ಆ ಧಾರಾವಾಹಿಗಾಗಿ ನಮ್ಮ ನಾಡಿನ ಎಷ್ಟು ವಟುಗಳು ಅಳಿಸಿಹೋದರೋ ದೇವರೇ ಬಲ್ಲ.

“ಅದ್ರಲ್ಲಿ ಎಂತ ಉಳ್ದಿರ್ತದೆ ಮಾರಾಯ, ಬರೀ ಬೂಷ್ಟು” ಎಂದರು ದೊಡ್ಡಮ್ಮ. ಅವರ ಮೊಮ್ಮಗ ಕೈಯಲ್ಲಿ ಟ್ಯಾಬ್ಲೆಟ್ಟು ಹಿಡಿದು, “ಚಿಕ್ಕಯ್ಯಾ, ಇದಕ್ಕೆ ಹಾಕಿಕೊಡೋಕೆ ಎಷ್ಟೊತ್ತು ಬೇಕು?” ಎಂದು ಕೇಳಿದ. ಫೋಟೊ ಕಳಿಸಿದಷ್ಟೇ ಹೊತ್ತು ಎಂದು ಅವನ ಲೆಕ್ಕ. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಬೇಕು, ಒಂದು ನಿಮಿಷವೂ ಕಡಿಮೆಯಾಗದು ಎಂದಾಗ ಅವನಿಗೆ ನಂಬಿಕೆ ಬರಲಿಲ್ಲ. ಯಾಕೆಂದು ಹೇಳಬೇಕಾದರೆ ಕ್ಯಾಸೆಟ್ಟಿನ ಹೊಟ್ಟೆ ಬಗೆಯಬೇಕು.

ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ತಂದ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಇರುವುದು ಅರ್ಧ ಇಂಚು, ಅಂದರೆ 12.7 ಮಿ.ಮೀ. ಅಗಲದ ಪಟ್ಟಿ. ನಮ್ಮಲ್ಲಿ ಸಾಮಾನ್ಯವಾಗಿದ್ದ ಇ-180 ಕ್ಯಾಸೆಟ್ಟಿನಲ್ಲಿ ಅದರ ಉದ್ದ ಸುಮಾರು 258 ಮೀಟರ್. ಪಾಲಿಯೆಸ್ಟರ್ ಹಾಳೆಯ ಮೇಲೆ ಕಬ್ಬಿಣದ ಆಕ್ಸೈಡಿನ ಅತಿ ನುಣುಪಾದ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದಿರುತ್ತಾರೆ. ಸರಳವಾಗಿ ಹೇಳಿದರೆ ತುಕ್ಕಿನ ನೆಂಟ. ಆ ಪುಡಿಯ ಒಂದೊಂದು ಕಣವೂ ಒಂದು ಪುಟ್ಟ ಅಯಸ್ಕಾಂತ. ಕಣಗಳು ಯಾವ ದಿಕ್ಕಿಗೆ ಮುಖ ಮಾಡಿವೆ ಎಂಬುದರಲ್ಲಿ ಮದುವೆಯ ಚಿತ್ರ ಅಡಗಿದೆ.

ಈ ಪಟ್ಟಿ ಯಂತ್ರದೊಳಗೆ ಓಡುವ ವೇಗ ಸೆಕೆಂಡಿಗೆ ಬರೀ 23.39 ಮಿ.ಮೀ. ಇರುವೆ ನಡೆದ ಹಾಗೆ. ಆದರೆ ಚಿತ್ರದ ಸಂಕೇತ ಸೆಕೆಂಡಿಗೆ ಲಕ್ಷಾಂತರ ಬಾರಿ ಏರಿಳಿಯುತ್ತದೆ. ಇಷ್ಟು ನಿಧಾನದ ಪಟ್ಟಿಯ ಮೇಲೆ ಅಷ್ಟು ಅವಸರದ ಬರವಣಿಗೆ ಹೇಗೆ? ಉಪಾಯ ಹೀಗಿದೆ: ಪಟ್ಟಿ ನಿಧಾನವಾಗಿಯೇ ಹೋಗಲಿ, ಬರೆಯುವ ಕೈ ಓಡಲಿ. 62 ಮಿ.ಮೀ. ವ್ಯಾಸದ ಒಂದು ಡ್ರಮ್ಮು ನಿಮಿಷಕ್ಕೆ 1,500 ಸುತ್ತು ತಿರುಗುತ್ತದೆ. ಅದರ ಅಂಚಿನಲ್ಲಿ ಎದುರುಬದುರಾಗಿ ಎರಡು ಹೆಡ್ಡು. ತುರುಬಿಗೆ ಓರೆಯಾಗಿ ದಂಡೆ ಸುತ್ತಿದ ಹಾಗೆ ಟೇಪು ಡ್ರಮ್ಮಿನ ಅರ್ಧಭಾಗವನ್ನು ಬಳಸಿ ಹೋಗುತ್ತದೆ. ಪ್ರತಿ ಹೆಡ್ಡೂ ಟೇಪಿನ ಮೇಲೆ ಓರೆಯಾಗಿ ಒಂದು ಗೆರೆ ಗೀಚುತ್ತದೆ. ಆ ಗೆರೆಯ ಅಗಲ 49 ಮೈಕ್ರಾನ್, ಕೂದಲಿಗಿಂತ ತೆಳು. ಸೆಕೆಂಡಿಗೆ 25 ಸುತ್ತು, ಸುತ್ತಿಗೆ ಎರಡು ಗೆರೆ, ಒಟ್ಟು 50. ಹೀಗೆ ಹೆಡ್ಡು ಟೇಪಿನ ಮೇಲೆ ಸೆಕೆಂಡಿಗೆ ಸುಮಾರು 4.8 ಮೀಟರ್ ವೇಗದಲ್ಲಿ ಬರೆಯುತ್ತದೆ. ಡ್ರಮ್ಮು ತಿರುಗದೆ ಟೇಪೇ ಆ ವೇಗದಲ್ಲಿ ಓಡಬೇಕಾಗಿದ್ದರೆ ಮೂರು ಗಂಟೆಯ ಮದುವೆಗೆ 52 ಕಿ.ಮೀ. ಟೇಪು ಬೇಕಾಗುತ್ತಿತ್ತು. ಶಿವಮೊಗ್ಗದಲ್ಲಿ ಒಂದು ತುದಿ ಕಟ್ಟಿದರೆ ಮಂಡಗದ್ದೆ ದಾಟಿ ತೀರ್ಥಹಳ್ಳಿಯ ಸಮೀಪಕ್ಕೆ ಬರುವಷ್ಟು.

ಬಣ್ಣದ ಕಥೆ ಇಷ್ಟು ಚೆನ್ನಾಗಿಲ್ಲ. ಬೆಳಕು-ನೆರಳಿನ ವಿವರಗಳಿಗೇ ಟೇಪಿನ ಹೆಚ್ಚಿನ ಜಾಗ ಹೋಗಿ, ಬಣ್ಣಕ್ಕೆ ಉಳಿದದ್ದು ಕೆಳಗಿನ ಒಂದು ಇಕ್ಕಟ್ಟಿನ ಮೂಲೆ. ಹಾಗಾಗಿ ವಿಎಚ್‌ಎಸ್‌ನಲ್ಲಿ ಬಣ್ಣ ಒರಟು, ಅದರಲ್ಲೂ ಕೆಂಪಿನ ಪಾಡು ಹೇಳುವುದೇ ಬೇಡ. ಧಾರೆಸೀರೆಯ ಕೆಂಪು ಅಂಚು ಸೀರೆಯಲ್ಲಿ ನಿಲ್ಲದೆ ಪಕ್ಕದವರ ಪಂಚೆಗೆ ಹರಿಯುತ್ತದೆ. ಹಣೆಯ ಕುಂಕುಮ ಕಿವಿಯ ಕಡೆ ಜಾರುತ್ತದೆ. ವಿಡಿಯೊದವನ ಕೈಗುಣ ಎಂದು ಆಗ ಎಲ್ಲರೂ ಬೈದರು. ಪಾಪ, ಅವನದೇನೂ ತಪ್ಪಿರಲಿಲ್ಲ.

ಈಗ ಬೂಷ್ಟಿಗೆ ಬರೋಣ. ಆಗುಂಬೆಯೂ ಇದೇ ತೀರ್ಥಹಳ್ಳಿ ತಾಲೂಕಿನಲ್ಲಿದೆ, ವರ್ಷಕ್ಕೆ ಸರಾಸರಿ 7,000 ಮಿ.ಮೀ. ಆಸುಪಾಸು ಮಳೆ. ಮಂಡಗದ್ದೆಯಲ್ಲಿ ಅಷ್ಟಿಲ್ಲ. ಆದರೂ ಆರಿದ್ರಾ, ಪುನರ್ವಸು ಹಿಡಿದವೆಂದರೆ ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಗಾಳಿಯ ತೇವಾಂಶ ಶೇಕಡಾ 65-70 ದಾಟಿ ಕೆಲ ದಿನ ನಿಂತರೆ ಸಾಕು, ಶಿಲೀಂಧ್ರದ ಬೀಜಕಣಗಳು ಮೊಳೆಯುತ್ತವೆ. ಅವಕ್ಕೆ ಟೇಪಿನ ಅಂಟು, ಅದರ ಮೇಲೆ ಕೂತ ಧೂಳು, ಮುಟ್ಟಿದವರ ಬೆರಳಿನ ಜಿಡ್ಡು ಎಲ್ಲವೂ ಊಟವೇ. ಕ್ಯಾಸೆಟ್ಟಿನ ಗಾಜಿನಂಥ ಕಿಂಡಿಯಲ್ಲಿ ಇಣುಕಿ, ಸುತ್ತಿದ ಟೇಪಿನ ಅಂಚು ಕಪ್ಪಾಗಿ ಹೊಳೆಯುತ್ತಿದೆಯೋ, ಬಿಳಿ ನವಿರು ಹತ್ತಿದೆಯೋ ನೋಡಿ. ಬಿಳಿ ಕಂಡರೆ ಯಂತ್ರಕ್ಕೆ ಹಾಕಲೇಬೇಡಿ. ಹಾಕಿದರೆ ಮೂರು ಅನಾಹುತ ಒಟ್ಟಿಗೆ ಆಗುತ್ತದೆ: ಅಂಟಿಕೊಂಡ ಸುತ್ತುಗಳು ಹರಿಯುತ್ತವೆ, ಹೆಡ್ಡು ಕೆಡುತ್ತದೆ, ಆಮೇಲೆ ಹಾಕಿದ ಎಲ್ಲ ಕ್ಯಾಸೆಟ್ಟಿಗೂ ಬೀಜಕಣ ಹಂಚಿಕೆಯಾಗುತ್ತದೆ.

ಇಲ್ಲಿ ನಮ್ಮ ಮಲೆನಾಡಿನ ಜಾಣತನವೇ ನಮಗೆ ಮುಳುವಾಗುವ ಸಂಭವವಿದೆ. ಬಿತ್ತನೆ ಬೀಜ, ಕೊಬ್ಬರಿ, ಹುಣಸೆ ಏನೇ ಇರಲಿ, ಒಲೆಯ ಮೇಲಿನ ಅಟ್ಟಕ್ಕೆ ಏರಿಸುವುದು ನಮ್ಮ ಅಭ್ಯಾಸ. ಬಿಸಿಗೂ ಹೊಗೆಗೂ ಹುಳ ಹತ್ತುವುದಿಲ್ಲ. ಕ್ಯಾಸೆಟ್ಟಿಗೆ ಈ ಉಪಚಾರ ಬೇಡ. ಬಿಸಿಗೆ ಪಾಲಿಯೆಸ್ಟರ್ ಹಿಗ್ಗಿ ಸೊಟ್ಟಗಾಗುತ್ತದೆ, ಹೊಗೆಯ ಜಿಡ್ಡು ಹೆಡ್ಡಿಗೆ ಮೆತ್ತುತ್ತದೆ. ಬಿಸಿಲಿಗೆ ಒಡ್ಡುವುದೂ ಬೇಡ. ಬೂಷ್ಟು ಹಿಡಿದದ್ದನ್ನು ಉಳಿದವುಗಳಿಂದ ಬೇರೆ ಮಾಡಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಹಾಕಿಡಬೇಕು. ಒಣ ತಿಂಗಳು ಬಂದು ಬೂಷ್ಟು ಪೂರ್ತಿ ಒಣಗಿ ಪುಡಿಯಾದ ಮೇಲೆ, ಮನೆಯ ಹೊರಗೆ, ಮೂಗಿಗೆ ಮಾಸ್ಕ್ ಹಾಕಿಕೊಂಡು ಶುಚಿಮಾಡುವ ಕೆಲಸ. ಕೈ ಪಳಗದವರು ಅದನ್ನು ಬಲ್ಲವರಿಗೆ ಬಿಡುವುದು ಲೇಸು.

ಟ್ರಂಕಿನ ಏಳರಲ್ಲಿ ಒಂದರ ಅಂಚು ಬೆಳ್ಳಗಿತ್ತು. ಅದು ಯಾವುದೆಂದು ಕೇಳುತ್ತೀರಾ? ‘ಮದುವೆ, ಭಾಗ 2’.

ಉಳಿದ ಆರಕ್ಕೆ ಯಂತ್ರ ಬೇಕಿತ್ತು. ಒಂದು ಕಾಲಕ್ಕೆ ಊರೂರಿನಲ್ಲಿ ಟಿವಿ ಮತ್ತು ವಿಸಿಪಿಯನ್ನು ರಾತ್ರಿಗಿಷ್ಟು ಎಂದು ಬಾಡಿಗೆಗೆ ತಂದು, ಅಂಗಳದಲ್ಲಿ ಚಾಪೆ ಹಾಸಿ, ಬೆಳಗಿನವರೆಗೆ ಮೂರು ಸಿನಿಮಾ ನೋಡುತ್ತಿದ್ದೆವು. ಈಗ ಅದನ್ನು ಹುಡುಕುವುದೇ ಸಾಹಸ. ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿತು. ಆ ಯಂತ್ರವನ್ನು ತಯಾರಿಸುತ್ತಿದ್ದ ಕೊನೆಯ ಹೆಸರಾಂತ ಕಂಪನಿ ಅದು. ಆಮೇಲೆ ಇರುವುದೆಲ್ಲ ಹಳೆಯ ಯಂತ್ರಗಳು, ಅವುಗಳ ಸವೆದ ಬೆಲ್ಟು, ಸವೆದ ಹೆಡ್ಡು. ಟೇಪಿಗಿಂತ ಮೊದಲು ಯಂತ್ರ ಸಾಯುತ್ತದೆ ಎಂಬುದು ನನ್ನ ಅನುಭವ. ಪರಿಚಯದ ರಿಪೇರಿಯವರಿಂದ ತಂದ ಯಂತ್ರದ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಮೊದಲು ಯಾರಿಗೂ ಬೇಡದ ಸಿನಿಮಾ ಕ್ಯಾಸೆಟ್ಟೊಂದನ್ನು ಬಲಿ ಕೊಟ್ಟು ನೋಡಿದೆವು. ಆಮೇಲೆ ಪ್ರತಿ ಕ್ಯಾಸೆಟ್ಟಿನ ಬೆನ್ನಿನ ಪ್ಲಾಸ್ಟಿಕ್ ಹಲ್ಲನ್ನು ಮುರಿದೆವು. ಆ ಹಲ್ಲಿಲ್ಲದಿದ್ದರೆ ರೆಕಾರ್ಡ್ ಗುಂಡಿ ಒತ್ತಿದರೂ ಯಂತ್ರ ಬರೆಯುವುದಿಲ್ಲ. ಉಪನಯನದ ಮೇಲೆ ರಾಮಾಯಣ ಬಂದದ್ದು ಯಾರೋ ಹಲ್ಲು ಮುರಿಯದೆ ಬಿಟ್ಟದ್ದರಿಂದ.

ಯಂತ್ರದ ಹಿಂಬದಿಯಿಂದ ಹಳದಿ, ಕೆಂಪು, ಬಿಳಿ ಪಿನ್ನಿನ ವೈರು ಒಂದು ಪುಟ್ಟ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಗೆ, ಅಲ್ಲಿಂದ ಲ್ಯಾಪ್‌ಟಾಪಿಗೆ. ಹಳದಿಯಲ್ಲಿ ಚಿತ್ರ, ಉಳಿದೆರಡರಲ್ಲಿ ಧ್ವನಿ. ಆ ಕಡ್ಡಿ ಮಾಡುವ ಕೆಲಸವೇನು? ಶಿವಮೊಗ್ಗದವರು ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಎಷ್ಟು ಮುಳುಗಿದೆ ಎಂದು ನೋಡಿ ತುಂಗೆಯ ನೆರೆ ಅಳೆಯುತ್ತಾರೆ. ನದಿ ಒಂದೇ ಸಮನೆ ಏರಿಳಿಯುತ್ತಿರುತ್ತದೆ. ನಾವು ಗಂಟೆಗೊಮ್ಮೆ ನೋಡಿ ಒಂದು ಅಂಕಿ ಬರೆದುಕೊಳ್ಳುತ್ತೇವೆ. ಟೇಪಿನಿಂದ ಬರುವುದೂ ಏರಿಳಿಯುವ ಅಲೆ. ಕಡ್ಡಿಯೊಳಗಿನ ಚಿಪ್ಪು ಆ ಅಲೆಯ ಎತ್ತರವನ್ನು ಸೆಕೆಂಡಿಗೆ 1.35 ಕೋಟಿ ಬಾರಿ ನೋಡಿ, ಪ್ರತಿ ಸಲವೂ 256 ಮೆಟ್ಟಿಲುಗಳಲ್ಲಿ ಇದು ಎಷ್ಟನೆಯದು ಎಂದು ಬರೆದಿಡುತ್ತದೆ. ಅಲೆ ಹರಿದು ಬರುವ ಹೊತ್ತಿಗೇ ಅಳೆಯಬೇಕು, ಬೇಗ ಹರಿಸುವಂತಿಲ್ಲ. ಮೊಮ್ಮಗನ ಪ್ರಶ್ನೆಗೆ ಉತ್ತರ ಇದೇ.

ಮಿನಿಡಿವಿ ಕ್ಯಾಸೆಟ್ಟುಗಳಲ್ಲಿ ಈ ಅಳತೆ ಕ್ಯಾಮೆರಾದೊಳಗೇ ನಡೆದು, ಟೇಪಿನ ಮೇಲೆ ಅಂಕಿಗಳೇ ಕೂತಿರುತ್ತವೆ. ಅವನ್ನು ಫೈರ್‌ವೈರ್ ತಂತಿಯಲ್ಲಿ ಹಾಗೆಹಾಗೇ ಇಳಿಸಿಕೊಳ್ಳಬೇಕು. ಹಳದಿ ವೈರಿನಲ್ಲಿ ತಂದರೆ ಅಂಕಿಯನ್ನು ಅಲೆ ಮಾಡಿ ಮತ್ತೆ ಅಂಕಿ ಮಾಡಿದಂತೆ. ವಿಸಿಡಿಗಳನ್ನು ನಕಲು ಮಾಡಿದರೆ ಆಯಿತು, 352ಕ್ಕೆ 288 ಚುಕ್ಕಿಗಳಷ್ಟರಲ್ಲಿ ಕಳೆದುಕೊಳ್ಳಲು ಹೆಚ್ಚೇನೂ ಉಳಿದಿಲ್ಲ.

ವಿಎಚ್‌ಎಸ್‌ನ ಲೆಕ್ಕ ಸ್ವಲ್ಪ ದೊಡ್ಡದು. ನಮ್ಮ ಟಿವಿಯ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 720ಕ್ಕೆ 576 ಚುಕ್ಕಿ, ಚುಕ್ಕಿಗೆ ಎರಡು ಬೈಟ್, ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ ಸೆಕೆಂಡಿಗೆ ಎರಡು ಕೋಟಿ ಬೈಟ್ ಮೀರುತ್ತದೆ. ಗಂಟೆಗೆ ಸುಮಾರು 75 ಜಿಬಿ. ಮೂರು ಗಂಟೆಯ ಒಂದೇ ಕ್ಯಾಸೆಟ್ಟಿಗೆ 224 ಜಿಬಿ. ಎಷ್ಟೋ ಮೊಬೈಲುಗಳ ಹೊಟ್ಟೆಯೇ ಅಷ್ಟಿರುವುದಿಲ್ಲ. ಆದರೆ ಅದೇ ಮೂರು ಗಂಟೆ ಮೊಬೈಲಿನಲ್ಲಿ 4 ಜಿಬಿಯಲ್ಲಿ ಕೂರುತ್ತದೆ. 220 ಜಿಬಿ ಎಲ್ಲಿ ಹೋಯಿತು?

ಇದರ ಉತ್ತರದಲ್ಲಿ ಬೆಂಗಳೂರಿನವರೊಬ್ಬರ ಹೆಸರಿದೆ. ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, 1961ರಲ್ಲಿ ಕೆ.ಆರ್. ಸರ್ಕಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ, ಅಂದರೆ ಈಗಿನ ಯುವಿಸಿಇಯಲ್ಲಿ, ಪದವಿ ಮುಗಿಸಿ ಅಮೆರಿಕಕ್ಕೆ ಹೋದವರು. ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿದ್ದಾಗ 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಮುಂದೆ ಒಂದು ಸಂಶೋಧನೆಯ ಪ್ರಸ್ತಾವ ಇಟ್ಟರು. ಹಣ ಸಿಗಲಿಲ್ಲ. ವಿಚಾರ ತೀರಾ ಸರಳವಾಯಿತು ಎಂದು ಪರಿಶೀಲಕರಿಗೆ ಅನಿಸಿತ್ತಂತೆ. ಆದರೂ ಬಿಡದೆ ಮುಂದುವರಿಸಿ, ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. ಅದರ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ. ನಿಮ್ಮ ಮೊಬೈಲಿನ ಜೆಪೆಗ್ ಫೋಟೊ, ವಿಸಿಡಿ, ಡಿವಿಡಿ, ಮಿನಿಡಿವಿ ಎಲ್ಲದರ ಬೇರು ಅದು. ಇಂದಿನ ಎಚ್.264 ವಿಡಿಯೊದಲ್ಲಿರುವುದೂ ಅದನ್ನೇ ಪೂರ್ಣಾಂಕಗಳಿಗೆ ಒಗ್ಗಿಸಿದ ರೂಪ.

ಆ ಸರಳ ವಿಚಾರ ಏನು? ಚಿತ್ರವನ್ನು 8ಕ್ಕೆ 8 ಚುಕ್ಕಿಯ ಚೌಕಗಳಾಗಿ ಕತ್ತರಿಸಿ. ಒಂದು ಚೌಕದಲ್ಲಿ 64 ಅಂಕಿ. ಈಗ 64 ಬಗೆಯ ನೇಯ್ಗೆಯ ಚಾಪೆಗಳನ್ನು ಊಹಿಸಿಕೊಳ್ಳಿ: ಮೊದಲನೆಯದು ಪೂರ್ತಿ ಒಂದೇ ಬಣ್ಣ, ಮುಂದಿನದು ಅಗಲ ಪಟ್ಟೆ, ಆಮೇಲೆ ಕಿರಿದು ಪಟ್ಟೆ, ಕೊನೆಗೆ ದಟ್ಟ ಚೌಕುಳಿ. ಯಾವುದೇ ಚೌಕವನ್ನಾದರೂ ಈ 64 ಚಾಪೆಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಒಂದರ ಮೇಲೊಂದು ಹಾಸಿ ತಯಾರಿಸಬಹುದು. ಮೋಡ ಕವಿದ ಆಕಾಶಕ್ಕೆ ಮೊದಲ ಚಾಪೆಯೊಂದೇ ಸಾಕು, ಉಳಿದ 63 ಅಂಕಿಗಳು ಸೊನ್ನೆಗೆ ಹತ್ತಿರ. ದಟ್ಟ ಚೌಕುಳಿಯಲ್ಲಿ ಆದ ಸಣ್ಣ ಹೆಚ್ಚುಕಡಿಮೆ ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಅವನ್ನು ಒರಟಾಗಿ ಬರೆದರೆ ಸಾಕು, ಎಷ್ಟೋ ಕಡೆ ಬಿಟ್ಟೇ ಬಿಡಬಹುದು.

ಇದು ಒಂದು ಚಿತ್ರದೊಳಗಿನ ಉಳಿತಾಯ. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವಿನ ಉಳಿತಾಯ ಇನ್ನೂ ದೊಡ್ಡದು, ಅದು ಶಾನುಭೋಗರ ಕಾಲದಿಂದ ನಮಗೆ ಗೊತ್ತಿರುವಂಥದು. ಕಡತದಲ್ಲಿ ಒಮ್ಮೆ ಹೆಸರು, ಊರು ಬರೆದ ಮೇಲೆ ಮುಂದಿನ ಸಾಲಿನಲ್ಲಿ ‘ಸದರಿ’ ಎಂದು ಬರೆದು ಮುಗಿಸುತ್ತಾರೆ. ವಿಡಿಯೊ ತಂತ್ರಾಂಶವೂ ಒಂದು ಚಿತ್ರವನ್ನು ಪೂರ್ತಿ ಬರೆದು, ಮುಂದಿನವುಗಳಲ್ಲಿ ಬದಲಾದಷ್ಟನ್ನು ಮಾತ್ರ ಬರೆಯುತ್ತದೆ. ಬೆಳ್ಳಕ್ಕಿ? ಸದರಿ. ಮರ? ಸದರಿ. ಆಕಾಶ? ಸದರಿ. ಹಕ್ಕಿ ನಾಲ್ಕು ಚುಕ್ಕಿಯಷ್ಟು ಬಲಕ್ಕೆ ಸರಿದರೆ, ‘ಸದರಿ, ನಾಲ್ಕು ಬಲಕ್ಕೆ’.

ತುಂಗೆಯ ಮುಂದೆ ಈ ಜಾಣತನ ಸೋಲುತ್ತದೆ. ನೆರೆಯ ನೀರಿನ ಒಂದು ಚೌಕವೂ ಹಿಂದಿನ ಕ್ಷಣದಂತಿರುವುದಿಲ್ಲ. ಸುರಿಯುವ ಮಳೆಯೂ ಅಷ್ಟೇ, ಮಂತ್ರಾಕ್ಷತೆ ಬೀಳುವ ಆ ಅರ್ಧ ನಿಮಿಷವೂ ಅಷ್ಟೇ. ಎಲ್ಲವನ್ನೂ ಹೊಸದಾಗಿ ಬರೆಯಬೇಕು, ಬರೆಯಲು ಕೊಟ್ಟ ಜಾಗ ಮಾತ್ರ ಅಷ್ಟೇ. ಆಗ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಟ್ರಂಕಿನ ಒಂದು ಕ್ಯಾಸೆಟ್ಟಿನಲ್ಲಿ ಮದುವೆಯ ದಿಬ್ಬಣ ನಡುಗಡ್ಡೆಯ ಎದುರು ನಿಂತು ಹಕ್ಕಿ ನೋಡುವ ದೃಶ್ಯವಿತ್ತು. ಮೊದಲ ಸಲ ಜಿಪುಣತನದಲ್ಲಿ ಗಂಟೆಗೆ ಅರ್ಧ ಜಿಬಿಗೆ ಇಳಿಸಿದೆ. ಹಕ್ಕಿ, ನೆಂಟರು ಚೆನ್ನಾಗಿಯೇ ಬಂದರು. ತುಂಗೆ ಮಾತ್ರ ಹಂಚು ಹೊದಿಸಿದ ಸೂರಿನಂತೆ ಕಂಡಳು. ಎರಡನೆಯ ಸಲ ಸೆಕೆಂಡಿಗೆ 3 ಮೆಗಾಬಿಟ್, ಅಂದರೆ ಗಂಟೆಗೆ ಸುಮಾರು 1.35 ಜಿಬಿ ಕೊಟ್ಟ ಮೇಲೆ ನದಿ ನದಿಯಾಯಿತು. ವಿಎಚ್‌ಎಸ್‌ನ ‘ಅಕ್ಕಿಕಾಳು’, ಚಿತ್ರದ ಮೇಲೆಲ್ಲ ಸಿಡಿಯುವ ಆ ಚುಕ್ಕಿಗಳು, ಲೆಕ್ಕಕ್ಕೆ ಮಳೆಯೇ. ತಂತ್ರಾಂಶ ಪಾಪ ಅದನ್ನೂ ಶ್ರದ್ಧೆಯಿಂದ ಬರೆಯಲು ಹೋಗಿ ಮುಖಗಳಿಗೆ ಜಾಗ ಉಳಿಸುವುದಿಲ್ಲ. ಮೊಬೈಲಿನ ಪ್ರತಿಗೆ ಈ ಚುಕ್ಕಿಗಳನ್ನು ಸ್ವಲ್ಪ ಸೋಸಿಕೊಂಡರೆ ಲಾಭವಿದೆ. ಮೂಲಪ್ರತಿಯಲ್ಲಿ ಸೋಸಬಾರದು, ಚುಕ್ಕಿ ಎಂದುಕೊಂಡು ಅಜ್ಜನ ಗಡ್ಡದ ಕುರುಚಲನ್ನೇ ಒರೆಸಿಬಿಡುತ್ತದೆ.

ಇನ್ನೊಂದು ತೊಡಕು ಹಕ್ಕಿ ಹಾರಿದಾಗ ಕಾಣಿಸಿತು. ರೆಕ್ಕೆಯ ಅಂಚಿನಲ್ಲಿ ಬಾಚಣಿಗೆಯ ಹಲ್ಲು! ಹಳೆಯ ಟಿವಿ ಪದ್ಧತಿಯಲ್ಲಿ ಒಂದು ಚಿತ್ರವೆಂದರೆ ಎರಡು ಅರೆಚಿತ್ರ: ಮೊದಲು ಬೆಸ ಸಾಲುಗಳು, 50ನೇ ಒಂದು ಸೆಕೆಂಡಿನ ಬಳಿಕ ಸಮ ಸಾಲುಗಳು. ಅಷ್ಟರಲ್ಲಿ ರೆಕ್ಕೆ ಮುಂದೆ ಹೋಗಿರುತ್ತದೆ. ಹಳೆಯ ಟಿವಿ ಇವನ್ನು ಒಂದಾದ ಮೇಲೊಂದು ತೋರಿಸುತ್ತಿತ್ತು, ಮೊಬೈಲು ಎರಡನ್ನೂ ಒಟ್ಟಿಗೆ ತೋರಿಸುತ್ತದೆ. ಡಿಇಂಟರ್‌ಲೇಸ್ ಎಂಬ ಆಯ್ಕೆ ಒತ್ತಿ, 25ರ ಬದಲು 50 ಚಿತ್ರ ಮಾಡಿಸಿದರೆ ಹಲ್ಲು ಮಾಯವಾಗುತ್ತದೆ, ಚಲನೆಯೂ ಅಂದಿನಂತೆ ನುಣುಪಾಗಿರುತ್ತದೆ. ಹ್ಯಾಂಡ್‌ಬ್ರೇಕ್‌ನಂಥ ಉಚಿತ ತಂತ್ರಾಂಶದಲ್ಲೇ ಇದು ಸಾಧ್ಯ.

ಅಳತೆಯ ವಿಷಯದಲ್ಲಿ ಟ್ಯಾಬ್ಲೆಟ್ಟು ಗೆಲ್ಲುತ್ತದೆ. ಹಳೆಯ ಟಿವಿಯ ಅಗಲ-ಎತ್ತರ 4ಕ್ಕೆ 3. ಮೊದಲ ಐಪ್ಯಾಡ್‌ನಿಂದ ಹಿಡಿದು ಎಷ್ಟೋ ಟ್ಯಾಬ್ಲೆಟ್ಟುಗಳದೂ ಅದೇ. ಉದ್ದನೆಯ ಮೊಬೈಲಿನಲ್ಲಿ ಎಡಬಲ ಕಪ್ಪು ಉಳಿಯುತ್ತದೆ, ಉಳಿಯಲಿ ಬಿಡಿ. ಪರದೆ ತುಂಬಲೆಂದು ಹಿಗ್ಗಿಸಿದರೆ ಮದುಮಗಳು ಅಡ್ಡಡ್ಡ ದಪ್ಪಗಾಗುತ್ತಾಳೆ. 720 ಚುಕ್ಕಿಯ ಅಗಲವನ್ನು 768 ಎಂದು ತೋರಿಸಿದಾಗ ಮಾತ್ರ ಎಲ್ಲರೂ ತಮ್ಮ ಗಾತ್ರದಲ್ಲಿರುತ್ತಾರೆ. ಇನ್ನು, ಮೆಮೊರಿ ಕಾರ್ಡು ಹಳೆಯ ಫ್ಯಾಟ್32 ಬಗೆಯದಾದರೆ 4 ಜಿಬಿಗಿಂತ ದೊಡ್ಡ ಕಡತ ಅದಕ್ಕೆ ಹಿಡಿಸುವುದಿಲ್ಲ, ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ.

ನನ್ನ ಜಗಳ ಇರುವುದು ವಾಟ್ಸ್‌ಆ್ಯಪ್ ನಕಲಿನ ಬಗ್ಗೆ. ಮಾಮೂಲಿ ವಿಡಿಯೊ ಎಂದು ಕಳಿಸಿದಾಗ ಅದು ಮತ್ತೊಮ್ಮೆ ಹಿಂಡಿ ಚಿಕ್ಕದು ಮಾಡುತ್ತದೆ. ಒಮ್ಮೆ ಬಿಟ್ಟ ಚಾಪೆಗಳು ಮತ್ತೆ ಬರುವುದಿಲ್ಲ. ಬೆಂಗಳೂರಿನ ಮಗನಿಗೆ, ಅಲ್ಲಿಂದ ಅಮೆರಿಕದ ಮಗಳಿಗೆ, ಅಲ್ಲಿಂದ ಕುಟುಂಬದ ಗುಂಪಿಗೆ ಹೋಗಿ ಬರುವಷ್ಟರಲ್ಲಿ ಮುಖಗಳು ಮೇಣದ ಬೊಂಬೆಗಳಾಗಿರುತ್ತವೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದಂತೆಯೇ ಹೋಗುತ್ತದೆ. ಮೂಲಪ್ರತಿ ಬೇರೆಯೇ ಇರಬೇಕು. ಅದನ್ನು ಮಿನಿಡಿವಿಯ ಡಿವಿ ರೂಪದಲ್ಲಿ ಇಟ್ಟರೆ ಗಂಟೆಗೆ ಸುಮಾರು 13 ಜಿಬಿ. ಕ್ಲೌಡಿಗೆ ಏರಿಸುತ್ತೀರಾದರೆ ಲೆಕ್ಕ ಹಾಕಿ: ಸೆಕೆಂಡಿಗೆ 1 ಮೆಗಾಬಿಟ್ ಸಿಗುವಲ್ಲಿ ಒಂದು ಗಂಟೆಯ ವಿಡಿಯೊ ಏರಲು ಸುಮಾರು 29 ಗಂಟೆ ಬೇಕು. ಸಿಗ್ನಲ್ ಸಿಗುವ ಗುಡ್ಡದ ಮೇಲೆ ಅಷ್ಟು ಹೊತ್ತು ಯಾರು ಕೂರುತ್ತಾರೆ? ನಾವು ಎರಡು ಹಾರ್ಡ್‌ಡಿಸ್ಕ್ ಕೊಂಡೆವು. ಒಂದು ಮಂಡಗದ್ದೆಯಲ್ಲಿ, ಇನ್ನೊಂದು ಮಳೆ ಕಡಿಮೆಯಿರುವ ಬೆಂಗಳೂರಿನಲ್ಲಿ. ಮೊಬೈಲು, ಟ್ಯಾಬ್ಲೆಟ್ಟುಗಳಲ್ಲಿರುವುದು ನೋಡುವ ಪ್ರತಿ ಮಾತ್ರ. ಅವು ಹಳ್ಳಕ್ಕೆ ಬೀಳುತ್ತವೆ, ಕಳೆದುಹೋಗುತ್ತವೆ, ಅವುಗಳ ಚಿಪ್ಪಿನಲ್ಲಿ ಹಿಡಿದಿಟ್ಟ ವಿದ್ಯುದಂಶವೂ ಶಾಶ್ವತವಲ್ಲ.

ಆರೂ ಕ್ಯಾಸೆಟ್ಟು ಮುಗಿದ ಸಂಜೆ ಜಗುಲಿಯಲ್ಲಿ ಟ್ಯಾಬ್ಲೆಟ್ಟನ್ನು ಕಂಬಕ್ಕೆ ಒರಗಿಸಿಟ್ಟೆವು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಬಂದರು. “ಇವ್ರು ಬಡಿಸ್ತಾ ಇರೋರು ನಮ್ಮ ಮಾವನ ಕಡೆಯವ್ರು. ಆ ಹಿಂದಿನ ಸಾಲಲ್ಲಿ ಕೂತೋರು ಹಕ್ಕಲು ಮನೆಯೋರು, ಈಗ ಆ ಮನೆನೇ ಇಲ್ಲ. ಇದು ಯಾರು... ತಡಿ, ಹಿಂದೆ ಮಾಡು.” ಮೊಮ್ಮಗ ಬೆರಳಿನಲ್ಲಿ ಹಿಂದೆ ಸರಿಸಿದ. ಅಷ್ಟು ಹೊತ್ತೂ ನನ್ನ ಮೊಬೈಲು ಪಕ್ಕದಲ್ಲಿ ಅವರ ಮಾತನ್ನು ರೆಕಾರ್ಡ್ ಮಾಡಿಕೊಳ್ಳುತ್ತಿತ್ತು. ಟೇಪಿನಲ್ಲಿ ಮುಖಗಳಿವೆ, ಹೆಸರುಗಳಿಲ್ಲ. ನಿಮ್ಮ ಮನೆಯಲ್ಲೂ ಟ್ರಂಕಿದ್ದರೆ ಈ ಕೆಲಸವನ್ನು ಯಂತ್ರ ಹುಡುಕುವುದಕ್ಕಿಂತ ಮುಂಚೆ ಬೇಕಾದರೂ ಮಾಡಿ, ಹಳೆಯ ಆಲ್ಬಮ್ ಎದುರಿಟ್ಟುಕೊಂಡಾದರೂ ಸರಿ.

‘ಮದುವೆ, ಭಾಗ 2’ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿದೆ. ಫೆಬ್ರವರಿ ಬರುವವರೆಗೆ ಅದನ್ನು ಯಾರೂ ಮುಟ್ಟಬಾರದೆಂದು ಡಬ್ಬಿಯ ಮೇಲೆ ಮೊಮ್ಮಗನೇ ಬರೆದು ಅಂಟಿಸಿದ್ದಾನೆ.